ಒಂದೇ ಪಡಸಾಲೆ, ಎರಡು ಬಾಗಿಲು: ಸಿ ಭಾಷೆಯಲ್ಲಿ ಶೇರ್ಡ್ ಮೆಮೊರಿ ನಿಭಾಯಿಸೋದು ಹೇಗೆ?

ನಾಶಿಕದ ಪಂಚವಟಿಯಿಂದ ಮಾತಾಡ್ತಿದ್ದೀನಿ. ಹೋದ ಭಾನುವಾರದ ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಓದೋದಕ್ಕೆ ಅನುಕೂಲ ಆಗೋ ಹಾಗೆ ಸ್ವಲ್ಪ ಒಪ್ಪ ಮಾಡಿ ಹಾಕಿದ್ದೇನೆ. ಪುಣೆ, ಹೈದರಾಬಾದ್, ನೋಯ್ಡಾ ಕಡೆ ಇರೋ ನಮ್ಮವರು ಬಸ್ಸಲ್ಲಿ, ಮೆಟ್ರೋದಲ್ಲಿ ಓದ್ಕೋತೀವಿ, ಬರಹದಲ್ಲೂ ಕೊಡಿ ಅಂತ ಕೇಳ್ತಾನೇ ಇದ್ದೀರಿ. ಫಂಕ್ಷನ್ ಹೆಸರುಗಳನ್ನು ನಾವು ಬಾಯಲ್ಲಿ ಹೇಳೋ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಎಸ್, ಎಚ್, ಎಂ ಮೂರೂ ಸೇರಿದರೆ ‘ಶಮ್’ ಅಂತ ಓದಿಕೊಳ್ಳಿ. ಪೂರ್ತಿ ಕೋಡ್ ವಿಡಿಯೋದಲ್ಲಿ ಪರದೆ ಮೇಲಿದೆ.

ವಿಷಯ ಶೇರ್ಡ್ ಮೆಮೊರಿ. ಎರಡು ಬೇರೆ ಬೇರೆ ಪ್ರೋಸೆಸ್‌ಗಳು ಒಂದೇ ಮೆಮೊರಿ ತುಂಡನ್ನು ಹಂಚಿಕೊಳ್ಳೋದು. ಎಂಟೆಕ್ ಓದುವಾಗ ಇದನ್ನ ಪರೀಕ್ಷೆಗೆ ಹತ್ತು ಅಂಕದ ಉತ್ತರ ಅಂತ ಬಾಯಿಪಾಠ ಮಾಡಿದ್ದೆ. ಅದು ನಿಜವಾಗಿ ಅರ್ಥ ಆಗಿದ್ದು ಒಬ್ಬ ಹಿರಿಯರಿಗೆ ನನ್ನ ತಪ್ಪಿನಿಂದ ಮೆಮೊ ಬರೋ ಹೊತ್ತಿಗೆ. ಆ ಕಥೆಯನ್ನೂ ಹೇಳ್ತೀನಿ. ಮೊದಲು ಪಾಠ.

ಧರ್ಮಶಾಲೆಯ ಪಡಸಾಲೆ

ನಮ್ಮೂರು ಗದಗದ ಕಡೆ. ಊರಿಂದ ಯಾರಾದ್ರೂ ತ್ರ್ಯಂಬಕೇಶ್ವರಕ್ಕೆ ಅಂತ ಬಂದ್ರೆ ನಮ್ಮ ಮನೆ ಸಾಲಲ್ಲ, ರಾಮಕುಂಡದ ಹತ್ತಿರದ ಧರ್ಮಶಾಲೆಯಲ್ಲೇ ಇಳಿಸ್ತೀನಿ. ಒಂದು ಸಲ ಸೋದರಮಾವನ ಕುಟುಂಬ, ಚಿಕ್ಕಪ್ಪನ ಕುಟುಂಬ ಎರಡೂ ಒಟ್ಟಿಗೆ ಬಂದವು. ಎರಡು ಕೋಣೆ, ನಡುವೆ ಒಂದು ಪಡಸಾಲೆ. ಎರಡೂ ಕೋಣೆಯಿಂದ ಆ ಪಡಸಾಲೆಗೆ ಬಾಗಿಲು ಇತ್ತು. ಅಲ್ಲಿ ಅತ್ತೆ ಅವಲಕ್ಕಿ ಡಬ್ಬಿ ಇಟ್ಟರೆ ಚಿಕ್ಕಮ್ಮನಿಗೆ ಹೋಗಿ ಕೊಡಬೇಕಾಗಿಲ್ಲ, ಅವರು ತಮ್ಮ ಬಾಗಿಲು ತೆಗೆದು ತಗೊಂಡ್ರೆ ಆಯ್ತು.

ಪ್ರೋಸೆಸ್ ಅಂದ್ರೆ ಒಂದು ಕೋಣೆ. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣೋದಿಲ್ಲ. ಪ್ರತಿ ಪ್ರೋಸೆಸ್‌ಗೂ ಅದರದ್ದೇ ವಿಳಾಸಗಳ ಲೋಕ ಇರುತ್ತೆ. ಆ ವಿಳಾಸ ನಿಜವಾದ ರ‍್ಯಾಮ್‌ನಲ್ಲಿ ಎಲ್ಲಿದೆ ಅನ್ನೋದನ್ನ ಕರ್ನಲ್ ಪೇಜ್ ಟೇಬಲ್‌ನಲ್ಲಿ ಬರೆದಿಟ್ಟಿರುತ್ತೆ. ನಮ್ಮ ಸಾಮಾನ್ಯ ಇಂಟೆಲ್, ಎಎಂಡಿ ಮಶೀನುಗಳಲ್ಲಿ ಒಂದು ಪೇಜ್ ಅಂದ್ರೆ 4096 ಬೈಟ್. ಶೇರ್ಡ್ ಮೆಮೊರಿ ಅಂದ್ರೆ ಇಷ್ಟೇ: ರ‍್ಯಾಮ್‌ನ ಅದೇ ಪೇಜುಗಳನ್ನು ಎರಡು ಪ್ರೋಸೆಸ್‌ಗಳ ಪೇಜ್ ಟೇಬಲ್‌ನಲ್ಲೂ ಬರೆಯೋದು. ಪಡಸಾಲೆ ಒಂದೇ, ಬಾಗಿಲು ಎರಡು.

ಪೈಪ್ ಅಥವಾ ಸಾಕೆಟ್ ಬಳಸಿದ್ರೆ ಕಳಿಸುವವನು ಕರ್ನಲ್‌ಗೆ ಒಂದು ಪ್ರತಿ ಕೊಡಬೇಕು, ಕರ್ನಲ್ ಪಡೆಯುವವನಿಗೆ ಇನ್ನೊಂದು ಪ್ರತಿ ಕೊಡಬೇಕು. ಪ್ರತಿ ಸಲ ಸಿಸ್ಟಮ್ ಕಾಲ್. ಶೇರ್ಡ್ ಮೆಮೊರಿಯಲ್ಲಿ ಒಮ್ಮೆ ಬಾಗಿಲು ಹಾಕಿಸಿಕೊಂಡ ಮೇಲೆ ಕರ್ನಲ್ ನಡುವೆ ಬರೋದೇ ಇಲ್ಲ. ಒಬ್ಬ ಬರೆದಿದ್ದು ಇನ್ನೊಬ್ಬನಿಗೆ ಹಾಗೇ ಕಾಣುತ್ತೆ. ಇದರ ವೇಗವೂ ಅಲ್ಲಿಂದಲೇ, ಇದರ ಅಪಾಯವೂ ಅಲ್ಲಿಂದಲೇ.

ನಾಲ್ಕು ಕೆಲಸ, ನಾಲ್ಕು ಫಂಕ್ಷನ್

1983ರ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಹಳೆಯ ಪದ್ಧತಿ ಇದು. ಕಾರ್ಖಾನೆಗಳ ಸಾಫ್ಟ್‌ವೇರ್‌ನಲ್ಲಿ, ಬ್ಯಾಂಕುಗಳ ಹಳೆಯ ಕೋಡ್‌ನಲ್ಲಿ ಈಗಲೂ ನಿಮಗೆ ಸಿಗೋದು ಇದೇ.

ಮೊದಲನೆಯದು ಶಮ್‌ಗೆಟ್. ಇದಕ್ಕೆ ಮೂರು ಕೊಡಬೇಕು: ಕೀ, ಗಾತ್ರ, ಫ್ಲಾಗ್. ಕೀ ಅಂದ್ರೆ ಇಬ್ಬರೂ ಮೊದಲೇ ಒಪ್ಪಿಕೊಂಡಿರೋ ಒಂದು ಸಂಖ್ಯೆ. “ಗದಗದವರ ಪಡಸಾಲೆ” ಅಂತ ಆಫೀಸಿನಲ್ಲಿ ಕೇಳೋ ಹಾಗೆ. ಶಮ್‌ಗೆಟ್ ವಾಪಸ್ ಕೊಡೋದು ಐಡಿ, ಅಂದ್ರೆ ರಿಜಿಸ್ಟರ್‌ನಲ್ಲಿರೋ ನಂಬರ್. ಕೀ ಬೇರೆ, ಐಡಿ ಬೇರೆ, ಇವೆರಡನ್ನೂ ಕಲಸಬೇಡಿ. ಗಾತ್ರ 100 ಬೈಟ್ ಅಂದ್ರೂ ಕರ್ನಲ್ ಇಡೀ ಪೇಜ್ ಕೊಡುತ್ತೆ, ಹೊಸದಾದರೆ ಸೊನ್ನೆ ತುಂಬಿ ಕೊಡುತ್ತೆ. ಆ ಸೆಗ್ಮೆಂಟ್ ಮೊದಲೇ ಇದ್ದು, ನೀವು ಅದಕ್ಕಿಂತ ದೊಡ್ಡ ಗಾತ್ರ ಕೇಳಿದ್ರೆ ‘ಐನ್ವಾಲ್’ ಎರರ್ ಬರುತ್ತೆ. ಸ್ಟ್ರಕ್ಟ್‌ಗೆ ಹೊಸ ಫೀಲ್ಡ್ ಸೇರಿಸಿ, ಹಳೆಯ ಸೆಗ್ಮೆಂಟ್ ಅಳಿಸದೆ ಓಡಿಸಿದವರಿಗೆಲ್ಲ ಈ ಎರರ್ ಪರಿಚಯ ಇರುತ್ತೆ.

ಎರಡನೆಯದು ಶಮ್‌ಎಟಿ. ಬಾಗಿಲು ಹಾಕಿಸೋದು. ಐಡಿ ಕೊಟ್ಟರೆ ನಿಮ್ಮ ಪ್ರೋಸೆಸ್‌ನಲ್ಲಿ ಆ ಮೆಮೊರಿ ಎಲ್ಲಿದೆ ಅನ್ನೋ ಪಾಯಿಂಟರ್ ಸಿಗುತ್ತೆ. ಇಲ್ಲೊಂದು ಹಳ್ಳ ಇದೆ. ಇದು ಸೋತಾಗ ನಲ್ ಕೊಡೋದಿಲ್ಲ, ಮೈನಸ್ ಒಂದನ್ನ ಪಾಯಿಂಟರ್ ಮಾಡಿ ಕೊಡುತ್ತೆ. ಮ್ಯಾಲಕ್ ಅಭ್ಯಾಸದಲ್ಲಿ ನಲ್ ಅಂತ ಚೆಕ್ ಮಾಡಿದ್ರೆ ಸೋತಿದ್ದೂ ಗೆದ್ದ ಹಾಗೇ ಕಾಣುತ್ತೆ, ಮುಂದಿನ ಸಾಲಿನಲ್ಲಿ ಪ್ರೋಗ್ರಾಮ್ ಬೀಳುತ್ತೆ.

ಮೂರನೆಯದು ಶಮ್‌ಡಿಟಿ. ನಿಮ್ಮ ಕಡೆಯ ಬಾಗಿಲು ಮುಚ್ಚೋದು. ಪ್ರೋಸೆಸ್ ಸತ್ತರೆ ಕರ್ನಲ್ ತಾನೇ ಇದನ್ನ ಮಾಡುತ್ತೆ.

ನಾಲ್ಕನೆಯದು ಶಮ್‌ಸಿಟಿಎಲ್. ಇದಕ್ಕೆ ‘ಐಪಿಸಿ ಆರ್‌ಎಂಐಡಿ’ ಅನ್ನೋ ಆದೇಶ ಕೊಟ್ಟರೆ ಸೆಗ್ಮೆಂಟ್ ಅಳಿಸೋದಕ್ಕೆ ಗುರುತು ಬೀಳುತ್ತೆ. ತಕ್ಷಣ ಹೋಗಲ್ಲ. ಒಳಗಿರೋರು ಎಲ್ಲರೂ ಹೊರಗೆ ಬಂದ ಮೇಲೆ ಹೋಗುತ್ತೆ.

ಇಲ್ಲೇ ಎಲ್ಲರೂ ಎಡವೋದು. ಮೂರನೆಯದು ಮಾಡಿದ್ರೆ ನಾಲ್ಕನೆಯದೂ ಆಯ್ತು ಅಂದ್ಕೊಳ್ತೀವಿ. ಸೋದರಮಾವ ಕೋಣೆ ಬಿಟ್ಟು ಊರಿಗೆ ಹೊರಟರು, ಆದರೆ ಆಫೀಸಿಗೆ ಹೋಗಿ “ಖಾಲಿ ಮಾಡಿದ್ವಿ” ಅಂತ ಹೇಳಲೇ ಇಲ್ಲ. ಎರಡು ದಿನ ಬಿಟ್ಟು ಧರ್ಮಶಾಲೆಯಿಂದ ನನಗೆ ಫೋನು: ನಿಮ್ಮವರ ಹೆಸರಲ್ಲಿ ಪಡಸಾಲೆ ಇನ್ನೂ ಹಾಗೇ ಇದೆ! ಶೇರ್ಡ್ ಮೆಮೊರಿಯೂ ಥೇಟ್ ಹೀಗೇ. ಎಲ್ಲ ಪ್ರೋಸೆಸ್ ಸತ್ತರೂ ಸೆಗ್ಮೆಂಟ್ ಇರುತ್ತೆ, ಒಳಗಿನ ಡೇಟಾ ಸಮೇತ. ಯಾರಾದ್ರೂ ಅಳಿಸಬೇಕು, ಇಲ್ಲಾ ಮಶೀನ್ ರೀಬೂಟ್ ಆಗಬೇಕು.

ನೋಡೋದಕ್ಕೆ ಕಮಾಂಡ್ ಇದೆ: ಐಪಿಸಿಎಸ್, ಅದಕ್ಕೆ ಮೈನಸ್ ಎಂ. ಕೀ, ಐಡಿ, ಒಡೆಯ, ಅನುಮತಿ, ಗಾತ್ರ, ಆಮೇಲೆ ‘ಎನ್‌ಅಟಾಚ್’ ಅಂತ ಒಂದು ಕಾಲಮ್. ಈಗ ಎಷ್ಟು ಬಾಗಿಲು ತೆರೆದಿವೆ ಅನ್ನೋ ಲೆಕ್ಕ ಅದು. ಈ ಕಾಲಮ್ಮನ್ನ ನೆನಪಲ್ಲಿಡಿ, ಕಥೆಯಲ್ಲಿ ಬರುತ್ತೆ. ಅಳಿಸೋದಕ್ಕೆ ಐಪಿಸಿಆರ್‌ಎಂ, ಮೈನಸ್ ಎಂ, ಐಡಿ.

ಪಡಸಾಲೆಯಲ್ಲಿ ಪಾಯಿಂಟರ್ ಇಡಬೇಡಿ

ಅತ್ತೆ ಚಿಕ್ಕಮ್ಮನಿಗೆ “ಬಾಗಿಲು ತೆಗೆದ ಕೂಡಲೇ ಎಡಗಡೆ ಡಬ್ಬಿ ಇದೆ” ಅಂದ್ರು. ಚಿಕ್ಕಮ್ಮನ ಬಾಗಿಲು ಎದುರು ಗೋಡೆಯಲ್ಲಿತ್ತು. ಅವರ ಎಡಗಡೆ ಇದ್ದಿದ್ದು ಕಸಬರಿಗೆ.

ಅದೇ ಸೆಗ್ಮೆಂಟ್ ಎರಡು ಪ್ರೋಸೆಸ್‌ಗಳಲ್ಲಿ ಬೇರೆ ಬೇರೆ ವಿಳಾಸದಲ್ಲಿ ಕೂತಿರುತ್ತೆ. ಹಾಗಾಗಿ ಲಿಂಕ್ಡ್ ಲಿಸ್ಟ್ ಮಾಡಿ, ಪಾಯಿಂಟರನ್ನೇ ಅದರೊಳಗೆ ಬರೆದರೆ ಇನ್ನೊಬ್ಬನಿಗೆ ಅದು ಕಸ. ಸೆಗ್ಮೆಂಟ್‌ನ ಶುರುವಿನಿಂದ ಎಷ್ಟು ಬೈಟ್ ದೂರ ಅನ್ನೋ ಆಫ್‌ಸೆಟ್ ಬರೆಯಿರಿ. “ಉತ್ತರದ ಗೋಡೆಯಿಂದ ನಾಲ್ಕು ಹೆಜ್ಜೆ” ಅಂದ್ರೆ ಯಾವ ಬಾಗಿಲಿಂದ ಬಂದವರಿಗೂ ಡಬ್ಬಿ ಸಿಗುತ್ತೆ.

ಇನ್ನೊಂದು ಮಾತು, ಬೀಗ. ಶೇರ್ಡ್ ಮೆಮೊರಿ ಜಾಗ ಕೊಡುತ್ತೆ, ಸರದಿ ಕೊಡೋದಿಲ್ಲ. ಒಬ್ಬ ಅರ್ಧ ಬರೆದಿರುವಾಗ ಇನ್ನೊಬ್ಬ ಓದಿದ್ರೆ ಅರ್ಧ ಹೊಸದು, ಅರ್ಧ ಹಳೆಯದು ಸಿಗುತ್ತೆ. ‘ವೋಲಟೈಲ್’ ಹಾಕಿದ್ರೆ ಸಾಕು ಅನ್ನೋದು ತಪ್ಪು ತಿಳಿವಳಿಕೆ. ಪಿ-ಥ್ರೆಡ್ ಮ್ಯೂಟೆಕ್ಸನ್ನ ಸೆಗ್ಮೆಂಟ್ ಒಳಗೇ ಇಟ್ಟು, ಅದರ ಗುಣಲಕ್ಷಣದಲ್ಲಿ ‘ಪ್ರೋಸೆಸ್ ಶೇರ್ಡ್’ ಅಂತ ಹೇಳಬೇಕು. ಜೊತೆಗೆ ‘ರೋಬಸ್ಟ್’ ಅಂತಲೂ ಹೇಳಿ. ಇಲ್ಲಾಂದ್ರೆ ಬೀಗ ಹಾಕಿಕೊಂಡವನೇ ಒಳಗೆ ಸತ್ತರೆ ಉಳಿದವರು ಬಾಗಿಲ ಮುಂದೆ ಕಾಯ್ತಾನೇ ಇರಬೇಕು. ರೋಬಸ್ಟ್ ಆಗಿದ್ರೆ ಮುಂದಿನವನಿಗೆ ಬೀಗ ಸಿಗುತ್ತೆ, ಜೊತೆಗೆ ‘ಓನರ್ ಡೆಡ್’ ಅನ್ನೋ ಎಚ್ಚರಿಕೆಯೂ ಸಿಗುತ್ತೆ. ಡೇಟಾ ಸರಿಮಾಡಿಕೊಂಡು ಮುಂದೆ ಹೋಗಬಹುದು.

ಈಗ ಕಥೆ

ಕೆಲವು ವರ್ಷದ ಹಿಂದಿನ ಮಾತು. ಇಲ್ಲಿನ ಅಂಬಡ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟಿದ್ವಿ. ಅದೇ ಸಾಫ್ಟ್‌ವೇರ್ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲೂ ಓಡ್ತಿತ್ತು. ಮೂರು ಪ್ರೋಸೆಸ್. ಒಂದು ಮಶೀನಿನ ಬೇರಿಂಗ್ ತಾಪಮಾನ ಓದಿ ಶೇರ್ಡ್ ಮೆಮೊರಿಗೆ ಬರೆಯೋದು. ಎರಡನೆಯದು ಪರದೆ ಮೇಲೆ ತೋರಿಸೋದು. ಮೂರನೆಯದು ತಾಪ ಮಿತಿ ಮೀರಿದ್ರೆ ಸೈರನ್ ಕೂಗಿಸೋದು.

ಒಂದು ರಾತ್ರಿ ಬೇರಿಂಗ್ ಕಾದು ಸುಟ್ಟ ವಾಸನೆ ಬಂತು. ಸೈರನ್ ಕೂಗಲಿಲ್ಲ. ರಾತ್ರಿ ಪಾಳಿಯ ಆಪರೇಟರ್ ಒಬ್ಬ ಹಿರಿಯರು, ನಾವೆಲ್ಲ ಅವರನ್ನ ಕಾಕಾ ಅಂತಿದ್ವಿ. ಅವರು ಆಗ ಸಾಲಿನ ಆ ತುದಿಯ ಇನ್ನೊಂದು ಮಶೀನ್ ಹತ್ತಿರ ಇದ್ದರು. ವಾಸನೆ ಹಿಡಿದು ಓಡಿಬಂದು ಕೈಯಿಟ್ಟು ನೋಡಿ ಮಶೀನ್ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ, ಬೇರಿಂಗ್ ಹೋಯ್ತು.

ಬೆಳಗ್ಗೆ ವಿಚಾರಣೆ. ಪರದೆಯ ಲಾಗ್‌ನಲ್ಲಿ ತಾಪ ಏರ್ತಾ ಏರ್ತಾ 94 ಡಿಗ್ರಿ ತನಕ ಹೋಗಿದ್ದು ಇತ್ತು. ಸೈರನ್ ಪರೀಕ್ಷೆಯ ಗುಂಡಿ ಒತ್ತಿದ್ರು, ಚೆನ್ನಾಗೇ ಕೂಗ್ತು. ಹಾಗಿದ್ರೆ ಏನರ್ಥ? ಸೈರನ್ ಕೂಗಿದೆ, ಕಾಕಾ ಬಂದ್ ಮಾಡಿ ಮಲಗಿದ್ದಾರೆ. ಅವರ ಹೆಸರಿಗೆ ಮೆಮೊ ಟೈಪ್ ಆಗ್ತಾ ಇತ್ತು. ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ಅವರು ಹೇಳಿದ್ದು ಒಂದೇ ಮಾತು: ಸೈರನ್ ಕೂಗಲಿಲ್ಲ.

ನನ್ನನ್ನ ಕರೆದಿದ್ದು ಸಾಫ್ಟ್‌ವೇರ್ ಸರಿ ಇದೆ ಅಂತ ಸಹಿ ಹಾಕೋದಕ್ಕೆ. ಸಹಿ ಹಾಕೋ ಮುಂಚೆ ಸುಮ್ಮನೆ ಐಪಿಸಿಎಸ್ ಹಾಕಿ ನೋಡಿದೆ. ಒಂದು ಸೆಗ್ಮೆಂಟ್ ಇರಬೇಕಿತ್ತು. ಎರಡು ಇದ್ದವು! ಅದೇ ಗಾತ್ರ, ಅದೇ ಒಡೆಯ, ಕೀ ಮಾತ್ರ ಬೇರೆ ಬೇರೆ. ಒಂದರ ಎನ್‌ಅಟಾಚ್ 2, ಇನ್ನೊಂದರದ್ದು 1. ಸೈರನ್ ಪ್ರೋಸೆಸ್‌ನ ಲಾಗ್ ತೆಗೆದೆ. ರಾತ್ರಿಯಿಡೀ ಒಂದೇ ಸಾಲು: 62 ಡಿಗ್ರಿ, ಸರಿ ಇದೆ. 62, ಸರಿ ಇದೆ. ನನಗೆ ಕೈಕಾಲು ತಣ್ಣಗಾಯ್ತು.

ಎರಡು ಸೆಗ್ಮೆಂಟ್ ಎಲ್ಲಿಂದ ಬಂತು?

ಕೀ ಸಂಖ್ಯೆಯನ್ನ ನಾನು ಎಫ್‌ಟಾಕ್ ಅನ್ನೋ ಫಂಕ್ಷನ್‌ನಿಂದ ಮಾಡಿಸಿದ್ದೆ. ಪುಸ್ತಕಗಳಲ್ಲೆಲ್ಲ ಇರೋದು ಅದೇ. ಒಂದು ಫೈಲ್‌ನ ಹೆಸರು, ಒಂದು ಸಂಖ್ಯೆ ಕೊಟ್ಟರೆ ಕೀ ಕೊಡುತ್ತೆ. ನಾನು ಕಾನ್ಫಿಗ್ ಫೈಲ್‌ನ ಹೆಸರು ಕೊಟ್ಟಿದ್ದೆ. ಹೆಸರು ಒಂದೇ ಇದ್ರೆ ಕೀ ಒಂದೇ ಅಂತ ನಂಬಿದ್ದೆ.

ಎಫ್‌ಟಾಕ್ ಫೈಲ್‌ನ ಹೆಸರನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಹೆಸರು ಹಿಡಿದು ಫೈಲ್ ಹುಡುಕಿ, ಅದರ ಐನೋಡ್ ನಂಬರ್ ತಗೊಳ್ಳುತ್ತೆ. ಲಿನಕ್ಸ್‌ನಲ್ಲಿ ಐನೋಡ್‌ನ ಕೆಳಗಿನ 16 ಬಿಟ್, ಡಿಸ್ಕ್‌ನ ನಂಬರಿನ 8 ಬಿಟ್, ನೀವು ಕೊಟ್ಟ ಸಂಖ್ಯೆಯ 8 ಬಿಟ್, ಇವಿಷ್ಟು ಸೇರಿ ಕೀ. ಬಾಗಿಲ ಮೇಲಿನ ಬೋರ್ಡ್‌ನ ಅಕ್ಷರ ಓದೋದಿಲ್ಲ, ಬೋರ್ಡ್ ಹಿಂದೆ ಕೆತ್ತಿರೋ ನಂಬರ್ ಓದುತ್ತೆ. ಅದೇ ಅಕ್ಷರ ಬರೆದ ಹೊಸ ಬೋರ್ಡ್ ಹಾಕಿದ್ರೆ ನಂಬರ್ ಬೇರೆ.

ಆ ವಾರ ನಮ್ಮ ಡಿಪ್ಲಾಯ್ ಸ್ಕ್ರಿಪ್ಟನ್ನ ನಾನೇ “ಸುಧಾರಿಸಿದ್ದೆ”. ಕಾನ್ಫಿಗ್ ಫೈಲನ್ನ ಪಕ್ಕದಲ್ಲಿ ಬೇರೆ ಹೆಸರಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರೋದು. ಅರ್ಧಂಬರ್ಧ ಫೈಲ್ ಯಾರ ಕಣ್ಣಿಗೂ ಬೀಳಲ್ಲ, ಒಳ್ಳೆಯ ಅಭ್ಯಾಸವೇ. ಆದರೆ ಹೀಗೆ ಮಾಡಿದಾಗ ಐನೋಡ್ ಬದಲಾಗುತ್ತೆ. ಆ ಸಂಜೆ ಸ್ಕ್ರಿಪ್ಟ್ ಓಡಿತು. ಓದುವ ಪ್ರೋಸೆಸ್, ಪರದೆಯ ಪ್ರೋಸೆಸ್ ಎರಡನ್ನೂ ರೀಸ್ಟಾರ್ಟ್ ಮಾಡ್ತು. ಸೈರನ್ ಪ್ರೋಸೆಸ್ ಮುಖ್ಯವಾದದ್ದು, ಅದನ್ನ ಮುಟ್ಟಬಾರದು ಅಂತ ನಾನೇ ಬಿಟ್ಟಿದ್ದೆ. ಹೊಸದಾಗಿ ಶುರುವಾದ ಎರಡೂ ಹೊಸ ಕೀ ಪಡೆದು ಹೊಸ ಪಡಸಾಲೆ ಮಾಡಿಕೊಂಡವು. ಸೈರನ್ ಮಾತ್ರ ಹಳೆಯ ಪಡಸಾಲೆಯಲ್ಲಿ ಒಬ್ಬನೇ ಕೂತು, ಸಂಜೆ ಯಾರೋ ಬರೆದಿಟ್ಟು ಹೋದ 62ನ್ನೇ ರಾತ್ರಿಯಿಡೀ ಓದ್ತಾ ಇತ್ತು. ಪರೀಕ್ಷೆಯ ಗುಂಡಿ ನೇರವಾಗಿ ಸೈರನ್‌ಗೆ ಹೋಗ್ತಿತ್ತು, ಹಾಗಾಗಿ ಅದು ಕೂಗ್ತು.

ವಾಳೂಜ್‌ನಲ್ಲಿ ಯಾಕೆ ಕೆಟ್ಟಿರಲಿಲ್ಲ? ಅಲ್ಲಿನ ಹುಡುಗ ಹಳೆಯ ಫೈಲ್ ಮೇಲೇ ಕೈಯಿಂದ ಕಾಪಿ ಮಾಡ್ತಿದ್ದ. ಹಾಗೆ ಮಾಡಿದ್ರೆ ಒಳಗಿನ ಅಕ್ಷರ ಬದಲಾಗುತ್ತೆ, ಐನೋಡ್ ಅದೇ ಇರುತ್ತೆ. ನಮ್ಮ ಟೆಸ್ಟ್ ಮಶೀನಿನಲ್ಲಿ ಹಳೆಯ ಸ್ಕ್ರಿಪ್ಟ್ ಫೈಲ್ ಅಳಿಸಿ ಮತ್ತೆ ಬರೀತಿತ್ತು, ಅಲ್ಲೂ ಕೆಟ್ಟಿರಲಿಲ್ಲ. ಅಳಿಸಿದ ಕೂಡಲೇ ಹೊಸ ಫೈಲ್ ಮಾಡಿದ್ರೆ ಫೈಲ್‌ಸಿಸ್ಟಮ್ ಬಹಳ ಸಲ ಅದೇ ಖಾಲಿ ಐನೋಡನ್ನೇ ವಾಪಸ್ ಕೊಡುತ್ತೆ. ಅಷ್ಟು ದಿನ ನನ್ನ ಕೋಡ್ ಸರಿ ಇರಲಿಲ್ಲ, ನನ್ನ ಅದೃಷ್ಟ ಸರಿ ಇತ್ತು ಅಷ್ಟೇ.

ಮ್ಯಾನೇಜರ್ ಹತ್ತಿರ ಹೋಗಿ, ತಪ್ಪು ನನ್ನದು, ಸೈರನ್ ನಿಜವಾಗಿ ಕೂಗಿಲ್ಲ ಅಂದೆ. ಎರಡೂ ಲಾಗ್ ಪಕ್ಕಪಕ್ಕ ಇಟ್ಟು ತೋರಿಸಿದೆ. ಬೈಗುಳ ಬಂತು, ಬರಬೇಕಾದ್ದೇ. ಮೆಮೊ ಹರಿದು ಹಾಕಿದರು. ಕಾಕಾ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ನನ್ನ ಕೈ ಹಿಡಿದು ಆ ಮಶೀನಿನ ಹತ್ತಿರ ಕರ್ಕೊಂಡು ಹೋಗಿ, ಕವಚದ ಮೇಲೆ ನನ್ನ ಅಂಗೈ ಇಟ್ಟು, “ಹಾತ್ ಲಾವೂನ್ ಬಘ” ಅಂದ್ರು. ಮುಟ್ಟಿ ನೋಡು ಅಂತ. ತಾಪಮಾನದ ಸಾಫ್ಟ್‌ವೇರ್ ಬರೆದವನು ಅಲ್ಲಿವರೆಗೆ ಆ ಮಶೀನನ್ನ ಮುಟ್ಟಿಯೇ ಇರಲಿಲ್ಲ.

ಆಮೇಲೆ ಏನು ಬದಲಿಸಿದೆ?

ಒಂದು, ಎಫ್‌ಟಾಕ್ ಬಿಟ್ಟೆ. ಹೊಸ ಕೋಡ್‌ನಲ್ಲಿ ಪೋಸಿಕ್ಸ್ ಪದ್ಧತಿ: ಶಮ್ ಓಪನ್, ಎಫ್‌ಟ್ರಂಕೇಟ್, ಎಂಮ್ಯಾಪ್. ಇಲ್ಲಿ ಗುರುತು ಸ್ಲ್ಯಾಶ್‌ನಿಂದ ಶುರುವಾಗೋ ಒಂದು ಹೆಸರು, ಐನೋಡ್‌ನ ಕಾಟ ಇಲ್ಲ. ಲಿನಕ್ಸ್‌ನಲ್ಲಿ ಡೆವ್ ಫೋಲ್ಡರ್ ಒಳಗಿನ ಶಮ್‌ನಲ್ಲಿ ಫೈಲ್ ಹಾಗೇ ಕಣ್ಣಿಗೂ ಕಾಣುತ್ತೆ. ಹೊಸ ಸೆಗ್ಮೆಂಟ್‌ನ ಗಾತ್ರ ಸೊನ್ನೆ ಇರುತ್ತೆ. ಎಫ್‌ಟ್ರಂಕೇಟ್ ಮರೆತು ಮುಟ್ಟಿದ್ರೆ ‘ಬಸ್ ಎರರ್’ ಗ್ಯಾರಂಟಿ. ಇದೂ ತಾನಾಗಿ ಅಳಿಯಲ್ಲ, ಶಮ್ ಅನ್‌ಲಿಂಕ್ ಮಾಡಬೇಕು.

ಎರಡು, ಸೆಗ್ಮೆಂಟ್ ಹುಟ್ಟಿಸೋದು ಒಬ್ಬನೇ. ಉಳಿದವರು ಇದ್ದರೆ ಸೇರಿಕೊಳ್ಳೋದು, ಇಲ್ಲಾಂದ್ರೆ ಜೋರಾಗಿ ಕೂಗೋದು. ಎಲ್ಲರ ಕೋಡ್‌ನಲ್ಲೂ ‘ಐಪಿಸಿ ಕ್ರಿಯೇಟ್’ ಇದ್ದರೆ ತಪ್ಪು ಕೀಗೂ ಹೊಸ ಪಡಸಾಲೆ ಎದ್ದುಬಿಡುತ್ತೆ, ಯಾರಿಗೂ ಗೊತ್ತಾಗಲ್ಲ.

ಮೂರು, ಇದು ಎಲ್ಲಕ್ಕಿಂತ ಮುಖ್ಯ: ಉಸಿರಾಟ. ಸೆಗ್ಮೆಂಟ್‌ನ ತಲೆಯಲ್ಲಿ ಒಂದು ಆವೃತ್ತಿ ಸಂಖ್ಯೆ, ಒಂದು ಎಣಿಕೆ, ಕೊನೆಯ ಬಾರಿ ಬರೆದ ಸಮಯ ಇಟ್ಟೆ. ಸಮಯಕ್ಕೆ ಮೊನೊಟಾನಿಕ್ ಗಡಿಯಾರ, ಯಾರಾದ್ರೂ ಮಶೀನಿನ ಗಂಟೆ ತಿದ್ದಿದ್ರೂ ಕೆಡಬಾರದು. ಐದು ಸೆಕೆಂಡ್ ಎಣಿಕೆ ಮುಂದೆ ಹೋಗಲಿಲ್ಲ ಅಂದ್ರೆ ತಾಪ ಎಷ್ಟೇ ತೋರಿಸಲಿ, ಸೈರನ್ ಕೂಗಬೇಕು. ಹಳೆಯ ಸುದ್ದಿ ಒಳ್ಳೆಯ ಸುದ್ದಿ ಅಲ್ಲ.

ನಾಲ್ಕು, ಹಳೆಯ ಪದ್ಧತಿಯಲ್ಲೇ ಉಳಿದ ಕಡೆ ಡಿಪ್ಲಾಯ್ ಆದ ಮೇಲೆ ಸ್ಕ್ರಿಪ್ಟ್ ತಾನೇ ಐಪಿಸಿಎಸ್ ನೋಡುತ್ತೆ. ಸೆಗ್ಮೆಂಟ್ ಒಂದೇ ಇರಬೇಕು, ಎನ್‌ಅಟಾಚ್ ಮೂರು ಇರಬೇಕು. ಅನುಮತಿ 0660, 0666 ಅಲ್ಲ.

ಎನ್‌ಅಟಾಚ್ ಲೆಕ್ಕ ಎಷ್ಟು ಬೆಲೆಯದ್ದು ಅನ್ನೋದಕ್ಕೆ ದೊಡ್ಡ ಉದಾಹರಣೆ ಪೋಸ್ಟ್‌ಗ್ರೆಸ್ ಡೇಟಾಬೇಸ್. 2013ರಲ್ಲಿ ಬಂದ 9.3 ಆವೃತ್ತಿಯಲ್ಲಿ ಅವರು ಮುಖ್ಯ ಶೇರ್ಡ್ ಮೆಮೊರಿಯನ್ನ ಸಿಸ್ಟಮ್ ಫೈವ್‌ನಿಂದ ಎಂಮ್ಯಾಪ್‌ಗೆ ಸಾಗಿಸಿದ್ರು. ಆದರೂ ಒಂದು ಪುಟ್ಟ ಸಿಸ್ಟಮ್ ಫೈವ್ ಸೆಗ್ಮೆಂಟನ್ನ ಉಳಿಸಿಕೊಂಡ್ರು. ಹಳೆಯ ಸರ್ವರ್‌ನ ಮರಿ ಪ್ರೋಸೆಸ್ ಯಾವುದಾದ್ರೂ ಇನ್ನೂ ಬದುಕಿದೆಯಾ ಅಂತ ಎನ್‌ಅಟಾಚ್ ನೋಡಿದ್ರೆ ಗೊತ್ತಾಗುತ್ತಲ್ಲ, ಅದಕ್ಕೆ. ಪೋಸಿಕ್ಸ್‌ನಲ್ಲಿ ಆ ಲೆಕ್ಕ ಸಿಗೋದಿಲ್ಲ.

ಇನ್ನೆರಡು ಹಳ್ಳ ಹೇಳಿ ಮುಗಿಸ್ತೀನಿ. ಡಾಕರ್ ಬಳಸೋರು ಗಮನಿಸಿ: ಎರಡು ಕಂಟೇನರ್‌ಗಳಿಗೆ ಒಂದರ ಸೆಗ್ಮೆಂಟ್ ಇನ್ನೊಂದಕ್ಕೆ ಸುಮ್ಮನೆ ಕಾಣೋದಿಲ್ಲ, ಐಪಿಸಿ ಹಂಚಿಕೊಳ್ಳಿ ಅಂತ ಹೇಳಬೇಕು. ಡೆವ್ ಶಮ್‌ನ ಗಾತ್ರವೂ ಬೇರೆ ಹೇಳದಿದ್ರೆ 64 ಎಂಬಿ ಅಷ್ಟೇ. ಇನ್ನು ಸಿಸ್ಟಮ್‌ಡಿ ಇರೋ ಕೆಲವು ಲಿನಕ್ಸ್‌ಗಳಲ್ಲಿ ‘ರಿಮೂವ್ ಐಪಿಸಿ’ ಅನ್ನೋ ಸೆಟ್ಟಿಂಗ್ ಇರುತ್ತೆ. ಸಾಮಾನ್ಯ ಬಳಕೆದಾರ ಲಾಗೌಟ್ ಆದ ಕೂಡಲೇ ಅವನ ಸೆಗ್ಮೆಂಟ್‌ಗಳನ್ನ ಅದು ಗುಡಿಸಿಬಿಡುತ್ತೆ. ಸರ್ವಿಸ್‌ಗಳನ್ನ ಸಿಸ್ಟಮ್ ಬಳಕೆದಾರನ ಹೆಸರಲ್ಲಿ ಓಡಿಸಿ.

ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಎಲ್ಲೆ ಕಾವೇರಿಯಿಂದ ಗೋದಾವರಿ ತನಕ ಅಂತ ಬರುತ್ತೆ. ಸಂಜೆ ರಾಮಕುಂಡದ ಮೆಟ್ಟಿಲ ಮೇಲೆ ಕೂತಾಗ ನಾನು ಆ ಎಲ್ಲೆಯ ಮೇಲೇ ಕೂತಿದ್ದೀನಿ ಅನ್ಸುತ್ತೆ. ಇಲ್ಲಿ ಕೂತು ಕನ್ನಡದಲ್ಲಿ ಸಿ ಪ್ರೋಗ್ರಾಮಿಂಗ್ ಮಾತಾಡೋದು ನನಗೊಂದು ಖುಷಿ. ನಿಮ್ಮ ಮಶೀನಿನಲ್ಲಿ ಇವತ್ತೊಂದು ಸಲ ಐಪಿಸಿಎಸ್ ಹಾಕಿ ನೋಡಿ. ಎನ್‌ಅಟಾಚ್ ಸೊನ್ನೆ ಇರೋ ಸೆಗ್ಮೆಂಟ್ ಕಂಡ್ರೆ ತಕ್ಷಣ ಅಳಿಸಬೇಡಿ. ಅದು ಯಾರದ್ದು, ಯಾವಾಗ ಬಿಟ್ಟು ಹೋದ್ರು ಅಂತ ಮೊದಲು ಕೇಳಿ, ಆಮೇಲೆ ಖಾಲಿ ಮಾಡಿ.

ಮುಂದಿನ ಮಾತಿನಲ್ಲಿ ರೋಬಸ್ಟ್ ಮ್ಯೂಟೆಕ್ಸ್ ಒಂದನ್ನೇ ತಗೊಂಡು, ಬೀಗ ಹಿಡಿದವನನ್ನ ನಾವೇ ಸಾಯಿಸಿ ಏನಾಗುತ್ತೆ ನೋಡೋಣ. ಅಲ್ಲಿವರೆಗೆ ನಮಸ್ಕಾರ.